‘ನೀವು ಯಾವ ಒಕ್ಕ?’: ಕೊಡಗಿನ ಒಕ್ಕ, ಅರುವ, ಸಮ್ಮಂದ ಮತ್ತು ಪಹಣಿಗೆ ಗೊತ್ತಿಲ್ಲದ ಸಂಬಂಧಗಳು

ಗೋಣಿಕೊಪ್ಪ, ನಾಪೋಕ್ಲು, ವಿರಾಜಪೇಟೆ ಕಡೆ ಹೊಸದಾಗಿ ಅಂಗಡಿ ಹಾಕಿದವರಿಗೆ ಒಂದು ವಿಷಯ ಬೇಗ ಗೊತ್ತಾಗ್ತದೆ. ಸಾಲದ ಪುಸ್ತಕದಲ್ಲಿ ಬರೀ ‘ಪೊನ್ನಪ್ಪ’ ಅಂತ ಬರೆದುಕೊಂಡರೆ ತಿಂಗಳ ಕೊನೆಗೆ ಯಾವ ಪೊನ್ನಪ್ಪನ ಹತ್ತಿರ ದುಡ್ಡು ಕೇಳಬೇಕು ಅಂತಲೇ ತಿಳಿಯೋದಿಲ್ಲ. ಊರಲ್ಲಿ ಪೊನ್ನಪ್ಪ, ಬೋಪಣ್ಣ, ಕಾವೇರಮ್ಮ ಎಷ್ಟು ಜನ ಬೇಕಾದರೂ ಸಿಗ್ತಾರೆ. ಹಾಗಾಗಿ ಹಳೇ ಅಂಗಡಿಯವರು ಮೊದಲು ಬರೆಯೋದು ಒಕ್ಕದ ಹೆಸರು, ಆಮೇಲೆ ಆಳಿನ ಹೆಸರು. ಕೊಡವರು ತಮ್ಮ ಹೆಸರು ಹೇಳುವ ಕ್ರಮವೂ ಹಾಗೇ ಇದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಹೆಸರುಗಳಲ್ಲಿ ಮೊದಲನೆಯದು ಒಕ್ಕ, ನಡುವಿನದು ತಂದೆಯ ಹೆಸರು, ಕೊನೆಯದು ಸ್ವಂತದ್ದು. ಭಾರತದ ಭೂಸೇನೆಯ ಇಬ್ಬರು ಮುಖ್ಯಸ್ಥರು ಒಂದೇ ಒಕ್ಕದವರು ಅನ್ನೋದು ಹೆಸರಿನ ಮೊದಲ ಪದ ನೋಡಿದರೆ ಸಾಕು, ಗೊತ್ತಾಗ್ತದೆ.

ಒಕ್ಕ ಅಂದ್ರೆ ‘ಮನೆತನ’ ಅಂತ ಒಂದೇ ಪದದಲ್ಲಿ ಹೇಳಿ ಮುಗಿಸೋದು ರೂಢಿ. ಅಷ್ಟಕ್ಕೇ ಬಿಟ್ಟರೆ ಅರ್ಧ ವಿಷಯ ತಪ್ಪಿಹೋಗ್ತದೆ. ಒಬ್ಬ ಮೂಲ ಪುರುಷನಿಂದ ಗಂಡು ಸಂತತಿಯ ಮೂಲಕ ಇಳಿದುಬಂದವರು, ಅವರ ಹೆಂಡತಿಯರು, ಮದುವೆಯಾಗದ ಹೆಣ್ಣುಮಕ್ಕಳು ಎಲ್ಲ ಸೇರಿ ಒಕ್ಕ. ಆ ಮೂಲ ಪುರುಷನಿಗೆ ‘ಗುರುಕಾರಣ’ ಅಂತ ಹೆಸರು. ಒಕ್ಕದ ಹಿರಿಯನಿಗೆ ‘ಕೊರವುಕಾರ’ ಅಥವಾ ‘ಪಟ್ಟೆದಾರ’. ಈ ಎರಡನೇ ಪದ ಕಂದಾಯ ಇಲಾಖೆಯ ಕಡತದಲ್ಲೂ ಇದೆ, ಅದರ ಕಥೆ ಮುಂದೆ ಬರ್ತದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟಿಸಿದ ಕೊಡವರ ಕುರಿತ ಪುಸ್ತಕದಲ್ಲಿ ಒಕ್ಕವನ್ನೇ ನಡುವೆ ಇಟ್ಟುಕೊಂಡು ಹಬ್ಬ, ಮದುವೆ, ಸಾವು ಎಲ್ಲವನ್ನೂ ವಿವರಿಸಿದ್ದಾರೆ. ಇವತ್ತು ದೇಶದ ಎಲ್ಲ ಸಮಾಜಶಾಸ್ತ್ರದ ಪಾಠಗಳಲ್ಲಿ ಬರುವ ‘ಸಂಸ್ಕೃತೀಕರಣ’ ಎಂಬ ಮಾತು ಹೆಸರಾದದ್ದೂ ಅದೇ ಪುಸ್ತಕದಿಂದ.

ಕೊಡಗು ಅಂದ್ರೆ ಕೊಡವರು ಮಾತ್ರ ಅಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಅದರಲ್ಲಿ ಅರೆಭಾಷೆ ಗೌಡರು, ಅಮ್ಮಕೊಡವರು, ಹೆಗ್ಗಡೆಯವರು, ಐರಿಗಳು, ಕೆಂಬಟ್ಟಿಯವರು, ಯರವರು, ಕುರುಬರು, ಮಾಪಿಳ್ಳೆಯವರು, ಇನ್ನೂ ಎಷ್ಟೋ ಜನ ಇದ್ದಾರೆ. ಅರೆಭಾಷೆ ಗೌಡರಿಗೂ ಐನ್‌ಮನೆ ಇದೆ, ಮನೆತನದ ಹೆಸರಿದೆ. ‘ಹತ್ತು ಕುಟುಂಬ ಹದಿನೆಂಟು ಗೋತ್ರ’ ಅನ್ನೋ ಮಾತು ಅವರಲ್ಲಿ ಈಗಲೂ ಬಳಕೆಯಲ್ಲಿದೆ. ಕೊಡವ ಮಾಪಿಳ್ಳೆಗಳು ಇಸ್ಲಾಂ ಧರ್ಮದವರಾದರೂ ಒಕ್ಕದ ಹೆಸರು ಬಿಟ್ಟಿಲ್ಲ. ಈ ಬರಹ ಮುಖ್ಯವಾಗಿ ಕೊಡವ ಒಕ್ಕದ ಬಗ್ಗೆ. ಜಮೀನು ಕೊಳ್ಳುವಾಗ, ಮದುವೆ ಮಾತುಕತೆ ನಡೆಯುವಾಗ, ತಾಲ್ಲೂಕು ಕಚೇರಿಯಲ್ಲಿ ಸರದಿ ನಿಂತಾಗ ಎಲ್ಲರೂ ಒಂದಲ್ಲ ಒಂದು ಸಲ ಎದುರಾಗುವ ವ್ಯವಸ್ಥೆ ಇದು.

ದೂರದೂರದ ಮನೆಗಳು, ಎರಡು ಗುಂಡು

ಬಯಲುಸೀಮೆಯ ಹಳ್ಳಿ ನೋಡಿದವರಿಗೆ ಇಲ್ಲಿಯ ಊರು ಊರಿನ ಹಾಗೆ ಕಾಣೋದಿಲ್ಲ. ಬೀದಿ ಇಲ್ಲ, ಗೋಡೆಗೆ ಗೋಡೆ ಅಂಟಿದ ಮನೆಗಳಿಲ್ಲ. ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿಗೆ ಮನೆ, ಮನೆಯ ಹಿಂದೆ ಏರಿನಲ್ಲಿ ‘ಬಾಣೆ’. ಸೊಪ್ಪು, ಸೌದೆ, ದನಕ್ಕೆ ಹುಲ್ಲು ಎಲ್ಲ ಬಾಣೆಯಿಂದಲೇ ಬರಬೇಕಿತ್ತು. ಮುಂದಿನ ಮನೆ ಇನ್ನೊಂದು ಗದ್ದೆಬಯಲಿನ ಆಚೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವಾಗ ಅಲ್ಲಿಗೆ ಹೋಗೋದೇ ಒಂದು ಕೆಲಸ.

ಹೀಗೆ ಚದುರಿ ಕೂತ ಮನೆಗಳಿಗೆ ಪಕ್ಕದ ಮನೆಯವರ ನೆರವು ಕೂಗಳತೆಯಲ್ಲಿ ಇರಲಿಲ್ಲ. ಅದಕ್ಕೇ ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಎರಡು ಸದ್ದು ಕೇಳಿದರೆ ಕೆಲಸ ಬಿಟ್ಟು ಹೊರಡಬೇಕು, ಯಾರೂ ಬಂದು ಕರೆಯೋದಿಲ್ಲ. ಹೆಣ್ಣು ಮಗು ಹುಟ್ಟಿದಾಗ ಗುಂಡು ಹಾರದೆ ಇದ್ದದ್ದನ್ನೂ ಇಲ್ಲೇ ಹೇಳಿಬಿಡಬೇಕು. ‘ಕೊಡವರಲ್ಲಿ ಹೆಣ್ಣಿಗೆ ಮೊದಲಿನಿಂದಲೂ ಸಮಾನ ಸ್ಥಾನ’ ಅಂತ ವೇದಿಕೆಯಲ್ಲಿ ಹೇಳುವವರು ಈ ಮಾತನ್ನು ಮರೆತುಬಿಡ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಕೆಲವು ಒಕ್ಕ ಸೇರಿ ಕೇರಿ, ಕೇರಿಗಳು ಸೇರಿ ಊರು, ಊರುಗಳು ಸೇರಿ ನಾಡು. ‘ಹನ್ನೆರಡು ಕೊಂಬು, ಮೂವತ್ತೈದು ನಾಡು’ ಅಂತ ಹಿರಿಯರು ಲೆಕ್ಕ ಹೇಳ್ತಾರೆ. ಊರಿಗೊಬ್ಬ, ನಾಡಿಗೊಬ್ಬ ‘ತಕ್ಕ’. ತಕ್ಕನ ಸ್ಥಾನ ಯಾವ ಒಕ್ಕಕ್ಕೆ ಸೇರಿದ್ದೋ ಆ ಒಕ್ಕದಲ್ಲೇ ಮುಂದುವರಿಯುತ್ತದೆ. ಪಂಚಾಯಿತಿ, ಪೊಲೀಸ್ ಠಾಣೆ ಬಂದ ಮೇಲೆ ತಕ್ಕರ ತೀರ್ಮಾನದ ಅಧಿಕಾರ ಹೋಯಿತು. ಆದರೆ ದೇವಸ್ಥಾನದ ಹಬ್ಬಕ್ಕೆ ಕಟ್ಟು ಹಾಕುವಾಗ, ಮಂದ್‌ನಲ್ಲಿ ಕೋಲಾಟ ಶುರುವಾಗುವಾಗ ಮೊದಲ ಮರ್ಯಾದೆ ಅವರದ್ದೇ. ಈ ಮರ್ಯಾದೆಯ ವಿಚಾರಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತುವವರೂ ಇದ್ದಾರೆ ಅಂದ್ರೆ ಅದು ಬರೀ ಅಲಂಕಾರದ ಪದವಿ ಅಲ್ಲ ಅಂತ ಅರ್ಥ.

ಐನ್‌ಮನೆ

ಒಕ್ಕಕ್ಕೆ ಒಂದು ಐನ್‌ಮನೆ. ಎರಡೂ ಕಡೆ ದಿಬ್ಬ ಇರುವ ಓಣಿ ಹಿಡಿದು ಹೋದರೆ ಅಂಗಳ, ಮೆಟ್ಟಿಲು, ‘ಕಯ್ಯಾಲೆ’ ಎಂಬ ಜಗಲಿ. ಜಗಲಿಯ ಕಂಬಗಳ ನಡುವೆ ದಪ್ಪ ಮರದ ಹಲಗೆ, ಅದು ‘ಐಮರ’. ಹಿರಿಯರು ಅಲ್ಲಿ ಕೂತಿದ್ದರೆ ಕಿರಿಯರು ಸಮಕ್ಕೆ ಹೋಗಿ ಕೂರೋದಿಲ್ಲ. ಒಳಗೆ ನಡುಮನೆ, ಅಲ್ಲಿ ‘ನೆಲ್ಲಕ್ಕಿ ಬೊಳ್ಚ’ ಎಂಬ ತೂಗುದೀಪ. ನೈಋತ್ಯದ ಕೋಣೆ ‘ಕನ್ನಿಕೊಂಬರೆ’, ಹಿರಿಯರಿಗೆ ಮೀಸಲು. ಹೊರಗೆ ಗುರುಕಾರಣನಿಗೆ ‘ಕೈಮಡ’ ಎಂಬ ಸಣ್ಣ ಗುಡಿ. ವರ್ಷಕ್ಕೊಮ್ಮೆ ‘ಕಾರಣಂಗ್ ಕೊಡ್ಪ’ ನಡೆಯುತ್ತದೆ. ಸತ್ತ ಹಿರಿಯರಿಗೆ ಅವರು ಬದುಕಿದ್ದಾಗ ಉಣ್ಣುತ್ತಿದ್ದುದನ್ನೇ ಬಡಿಸ್ತಾರೆ, ಮಾಂಸ, ಮದ್ಯ ಎಲ್ಲ ಸೇರಿ.

ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲ ವಾರ), ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ಕಾವೇರಿ ತೀರ್ಥೋದ್ಭವ, ನವೆಂಬರ್–ಡಿಸೆಂಬರ್‌ನ ಪುತ್ತರಿ: ಮೂರೂ ಹಬ್ಬ ಅಂಗಡಿಯವರಿಗೆ ಗೊತ್ತೇ ಇದೆ, ವ್ಯಾಪಾರ ಏರೋದೂ ಬಾಗಿಲು ಹಾಕೋದೂ ಆವಾಗಲೇ. ಪುತ್ತರಿಯ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ಗೊತ್ತಾಗ್ತದೆ. ಆ ರಾತ್ರಿ ಬೆಂಗಳೂರಿನಿಂದ ಬಂದವರೂ ಐನ್‌ಮನೆಯಿಂದಲೇ ಗದ್ದೆಗೆ ಇಳಿದು ಕದಿರು ತೆಗೆಯಬೇಕು, ‘ಪೊಲಿ ಪೊಲಿ ದೇವಾ’ ಅಂತ ಕೂಗಬೇಕು. ಉಳಿದ ದಿನ ಬೀಗ ಹಾಕಿರುವ ಐನ್‌ಮನೆಗಳು ಈಗ ಕಡಿಮೆ ಇಲ್ಲ. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ತಿರುಗಿ ಈ ಮನೆಗಳನ್ನು ದಾಖಲಿಸಿದ್ದು ದೊಡ್ಡ ಕೆಲಸ. 1924ರಲ್ಲಿ ‘ಪಟ್ಟೋಲೆ ಪಳಮೆ’ಯ ಮೂಲಕ ಕೊಡವ ಹಾಡು, ಪದ್ಧತಿಗಳನ್ನು ಅಚ್ಚಿಗೆ ತಂದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು ಅವರು.

ಮದುವೆಯಲ್ಲಿ ಕೊಡುವ ‘ಸಮ್ಮಂದ’

ಒಕ್ಕದ ಒಳಗೆ ಮದುವೆ ಇಲ್ಲ. ಎಷ್ಟೇ ದೂರದ ಕವಲಾದರೂ ಒಂದೇ ಒಕ್ಕದ ಹುಡುಗ ಹುಡುಗಿ ಅಣ್ಣ ತಂಗಿ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಬೇರೆ ಒಕ್ಕದವರಾದರೂ ಅವರೂ ಒಡಹುಟ್ಟಿದವರ ಲೆಕ್ಕವೇ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳ ಜೊತೆ ಮದುವೆ ಆಗಬಹುದು. ಇದಿಷ್ಟು ಕನ್ನಡನಾಡಿನ ಬಹುಪಾಲು ಕಡೆ ನಡೆಯುವ ಲೆಕ್ಕವೇ ಆದ್ದರಿಂದ ಹೆಚ್ಚು ಹೇಳಬೇಕಿಲ್ಲ. ಹೊಸಬರು ಎಡವೋದು ಕರೆಯುವ ಪದಗಳಲ್ಲಿ: ಕೊಡವ ತಕ್ಕ್‌ನಲ್ಲಿ ಅಮ್ಮನಿಗೆ ‘ಅವ್ವ’, ‘ತಾಯಿ’ ಅಂದರೆ ಅಜ್ಜಿ. ‘ನಮ್ಮ ತಾಯಿಗೆ ಮಾತ್ರೆ ಬೇಕು’ ಅಂತ ಔಷಧಿ ಅಂಗಡಿಗೆ ಬಂದ ಹುಡುಗ ಅಜ್ಜಿಯ ಬಗ್ಗೆ ಹೇಳ್ತಾ ಇರಬಹುದು, ಒಂದು ಸಲ ವಯಸ್ಸು ಕೇಳಿಬಿಡೋದು ಒಳ್ಳೆಯದು.

ಮದುವೆ ನಡೆಸೋದಕ್ಕೆ ಪುರೋಹಿತರು ಬೇಕಾಗಿಲ್ಲ. ಅಲ್ಲಿ ಇರಲೇಬೇಕಾದವನು ‘ಅರುವ’. ಪ್ರತಿ ಒಕ್ಕಕ್ಕೂ ಅದೇ ಊರಿನ ಅಥವಾ ಅಕ್ಕಪಕ್ಕದ ಊರಿನ ಬೇರೆ ಒಂದು ಒಕ್ಕ ಅರುವ ಆಗಿರ್ತದೆ. ಇದು ತಲೆಮಾರಿನಿಂದ ಬಂದದ್ದು. ತಮ್ಮ ಒಕ್ಕದ ಹಿರಿಯರೇ ಇರುವಾಗ ಹೊರಗಿನವನು ಯಾಕೆ? ಸಾಕ್ಷಿ ಅಂದವನು ಹೊರಗಿನವನೇ ಆಗಬೇಕು, ಅದಕ್ಕೆ. ಮದುವೆ, ಪಾಲು, ಜಗಳ ಯಾವುದೇ ಇರಲಿ, ಒಕ್ಕದ ಪರವಾಗಿ ನಿಂತು ಮಾತಾಡುವವನು ಅರುವ. ನಾಳೆ ಮಾತು ತಪ್ಪಿದರೆ ಒಕ್ಕದವರನ್ನೇ ಕೇಳುವ ಹಕ್ಕೂ ಅವನದ್ದು.

ಮದುವೆಯ ದಿನ ಹೆಣ್ಣಿನ ಕಡೆ ಅರುವ, ಗಂಡಿನ ಕಡೆ ಅರುವ ಎದುರುಬದುರು ನಿಲ್ತಾರೆ. ‘ಸಮ್ಮಂದ ಕೊಡ್ಪ’ ಅನ್ನೋದು ಆಗ ನಡೆಯುವ ಪ್ರಶ್ನೋತ್ತರ. ನಮ್ಮ ಹುಡುಗಿಗೆ ನಿಮ್ಮ ಮನೆಯಲ್ಲಿ, ಗದ್ದೆಯಲ್ಲಿ, ದನಕರುವಿನಲ್ಲಿ, ಇದ್ದದ್ದರಲ್ಲಿ ಹಕ್ಕು ಕೊಡ್ತೀರಾ ಅಂತ ಒಂದು ಕಡೆಯವರು ಕೇಳ್ತಾರೆ, ಕೊಡ್ತೇವೆ ಅಂತ ಇನ್ನೊಂದು ಕಡೆಯವರು ಎಲ್ಲರೆದುರು ಒಪ್ಪಬೇಕು. ಚಿನ್ನದ ಗುರುತಾಗಿ ಸಣ್ಣ ಕಲ್ಲುಗಳು ಒಬ್ಬ ಅರುವನ ಕೈಯಿಂದ ಇನ್ನೊಬ್ಬನ ಕೈಗೆ ಹೋಗ್ತವೆ. ಇದು ಮುಗಿದ ಮೇಲೆ ಅವಳು ಗಂಡನ ಒಕ್ಕದವಳು. ಈಗಿನ ಮದುವೆಗಳಲ್ಲಿ ಕಲ್ಯಾಣ ಮಂಟಪದ ಊಟದ ಗದ್ದಲದ ನಡುವೆ ಇದು ಐದು ನಿಮಿಷದಲ್ಲಿ ಮುಗಿದುಹೋಗ್ತದೆ, ಫೋಟೋಗ್ರಾಫರೂ ಅಷ್ಟು ಹೊತ್ತಿಗೆ ಬೇರೆ ಕಡೆ ಇರ್ತಾನೆ. ನೀರು ತರುವಾಗ ದಾರಿ ತಡೆದು ಕುಣಿಯೋದಕ್ಕೆ ಒಂದು ಗಂಟೆ ಸಿಗ್ತದೆ. ಹಕ್ಕಿನ ವಿಚಾರ ಇರೋದು ಮಾತ್ರ ಆ ಐದು ನಿಮಿಷದಲ್ಲಿ.

ಯಾಕೆಂದರೆ ಆಮೇಲೆ ಕಷ್ಟ ಬಂದಾಗ ಲೆಕ್ಕಕ್ಕೆ ಬರೋದು ಅದೇ. ಗಂಡ ತೀರಿಹೋದರೆ ಹೆಂಡತಿ ಆ ಒಕ್ಕದಲ್ಲೇ ಉಳಿಯಬಹುದು. ಮರುಮದುವೆಗೆ ಅಡ್ಡಿ ಇರಲಿಲ್ಲ. ‘ಕೂಡಾವಳಿ’ ಅಂತ ಅದಕ್ಕೆ ಹೆಸರೇ ಇದೆ. ಗಂಡನ ಸಹೋದರನನ್ನು ಮದುವೆಯಾಗಿ ಅದೇ ಒಕ್ಕದಲ್ಲಿ ಉಳಿದದ್ದೂ ಹಿಂದೆ ಸಾಮಾನ್ಯವಾಗಿತ್ತು. ಬೇರೆ ಕಡೆ ಮದುವೆಯಾದರೆ ಅಥವಾ ಬಿಟ್ಟು ಬಂದರೆ ಕೊಟ್ಟ ಸಮ್ಮಂದ ವಾಪಸ್ ಆಗಬೇಕು, ಆಗ ತವರಿನ ಒಕ್ಕ ಅವಳನ್ನು ಮತ್ತೆ ಒಳಗೆ ತೆಗೆದುಕೊಳ್ಳಬೇಕು. ವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸುವ ಪದ್ಧತಿ ಬೇರೆ ಕೆಲವು ಜಾತಿಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ವಿಷಯವೇನಲ್ಲ. ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲೂ ಅಲ್ಲ. ಒಳಗೆ ಬರುವ ಬಾಗಿಲೂ ಹೊರಗೆ ಹೋಗುವ ಬಾಗಿಲೂ ಗಂಡಸರ ಮಾತಿನಿಂದಲೇ ತೆರೆಯುತ್ತಿದ್ದವು. ಕೇಳುವ ಅರುವನೂ ಗಂಡಸು, ಕೊಡುವ ಅರುವನೂ ಗಂಡಸು.

ಗಂಡು ಸಂತತಿ ಇಲ್ಲದಿದ್ದರೆ

ಒಕ್ಕ ಗಂಡುಮಕ್ಕಳ ಮೂಲಕ ಮಾತ್ರ ಮುಂದುವರಿಯೋದು ಅಂದರೆ ಬರೀ ಹೆಣ್ಣುಮಕ್ಕಳು ಇರುವ ಒಕ್ಕ ಆ ತಲೆಮಾರಿಗೆ ಮುಗಿದುಹೋಗಬೇಕಲ್ಲ? ಹಾಗೆ ಆಗದಿರಲಿ ಅಂತ ಎರಡು ದಾರಿ ಇಟ್ಟಿದ್ದರು.

ಒಂದು ‘ಒಕ್ಕ ಪರಿಜೆ’. ಹುಡುಗ ತನ್ನ ಒಕ್ಕದ ಹಕ್ಕು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರ್ತಾನೆ. ಮದುವೆಯಲ್ಲಿ ಸಾಮಾನ್ಯವಾಗಿ ಹೆಣ್ಣಿಗೆ ಕೊಡುವ ಸಮ್ಮಂದ ಇಲ್ಲಿ ಗಂಡಿಗೆ ಸಿಗ್ತದೆ. ಮಕ್ಕಳೂ ತಾಯಿಯ ಒಕ್ಕದವರು. ಇನ್ನೊಂದು ‘ಮಕ್ಕ ಪರಿಜೆ’. ಇಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳೀತಾನೆ, ಹುಟ್ಟುವ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರ್ತಾರೆ. ಅಪ್ಪನದ್ದು ಒಂದು ಒಕ್ಕ, ಮಗನದ್ದು ಇನ್ನೊಂದು. ಹೊರಗಿನಿಂದ ನೋಡಿದವರಿಗೆ ವಿಚಿತ್ರ ಅನ್ನಿಸಬಹುದು. ಘಟ್ಟ ಇಳಿದು ತುಳುನಾಡಿಗೆ ಹೋದರೆ ಅಲ್ಲಿಯ ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರೋದೇ ನಿಯಮ. ಘಟ್ಟದ ಮೇಲೆ ಅದು ಅಪವಾದ, ಅದೂ ಮಾತುಕತೆಯಾಗಿ ಒಪ್ಪಿದ ಮೇಲೆ ಮಾತ್ರ.

ಅಂದ್ರೆ ರಕ್ತ ಸಂಬಂಧ ಮುಖ್ಯ, ಆದರೆ ಅದೊಂದೇ ಅಲ್ಲ. ನಾಲ್ಕು ಜನರ ಎದುರು, ಅರುವನ ಬಾಯಲ್ಲಿ ಬಂದ ಮಾತಿಗೆ ಒಬ್ಬರ ಒಕ್ಕವನ್ನೇ ಬದಲಿಸುವ ಶಕ್ತಿ ಇತ್ತು. ಆ ಮಾತನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ತೊಂದರೆ ಶುರುವಾಗೋದು ಇಲ್ಲಿಂದ.

ಪಟ್ಟೆದಾರನ ಹೆಸರು, ಉಳಿದವರ ಪಾಡು

ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ಒಕ್ಕಗಳಿಗೆ ‘ಜಮ್ಮಾ’ ಭೂಮಿ ಸಿಕ್ಕಿತ್ತು. ಜಮ್ಮಾ ಅಂದ್ರೆ ಜನ್ಮದಿಂದ ಬಂದದ್ದು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡ ಮೇಲೂ ಜಮ್ಮಾ ಉಳಿಯಿತು. ‘ಸಾಗು’ ಜಮೀನಿಗೆ ಪೂರ್ತಿ ಕಂದಾಯ, ಜಮ್ಮಾಕ್ಕೆ ಅದರ ಅರ್ಧ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಇದನ್ನೆಲ್ಲ ಕಾನೂನಿನ ಚೌಕಟ್ಟಿಗೆ ತಂದಿತು. ಭೂಮಿ ಒಕ್ಕದ್ದು, ಒಬ್ಬೊಬ್ಬರಿಗೆ ಮಾರುವ ಹಕ್ಕಿಲ್ಲ. ಸರ್ಕಾರದ ಎದುರು ಉತ್ತರ ಕೊಡುವವನು ಪಟ್ಟೆದಾರ. ಒಕ್ಕದವರೆಲ್ಲ ಐನ್‌ಮನೆಯಲ್ಲೇ ಉಂಡು ಅಲ್ಲೇ ಮಲಗುವ ಕಾಲಕ್ಕೆ ಅದು ಸರಿಹೋಗುತ್ತಿತ್ತು.

1850ರ ದಶಕದಲ್ಲಿ ಐರೋಪ್ಯರು ಮಡಿಕೇರಿ ಸುತ್ತ ಕಾಫಿ ತೋಟ ಶುರುಮಾಡಿದರು. ನೋಡುತ್ತ ನೋಡುತ್ತ ಕಾಫಿ ಬಾಣೆಗಳಿಗೂ ಬಂತು. ಗದ್ದೆ ಕೆಲಸಕ್ಕೆ ಹತ್ತು ಕೈ ಸೇರಬೇಕು. ಕಾಫಿ ತೋಟ ಹಾಗಲ್ಲ, ಒಬ್ಬ ತನ್ನ ದುಡ್ಡು ಹಾಕಿ ತನ್ನದೇ ಅಂತ ಬೆಳೆಸಬಹುದು. ಸೈನ್ಯ, ಸರ್ಕಾರಿ ನೌಕರಿ, ಪಿಂಚಣಿ ಬಂದವು. ಅಣ್ಣತಮ್ಮಂದಿರು ಐನ್‌ಮನೆ ಬಿಟ್ಟು ತಮ್ಮ ತಮ್ಮ ತೋಟದಲ್ಲಿ ಮನೆ ಕಟ್ಟಿಕೊಂಡರು. ಪಾಲು ಆಯಿತು, ಆದರೆ ಬಾಯಿ ಮಾತಿನಲ್ಲಿ. ‘ಈ ತೋಡಿನಿಂದ ಆಚೆ ನಿನ್ನದು, ಆ ಹಲಸಿನ ಮರದಿಂದ ಕೆಳಗೆ ನನ್ನದು.’ ಎರಡು ತಲೆಮಾರು ಹೀಗೇ ಜಗಳವಿಲ್ಲದೆ ನಡೆದದ್ದೂ ಇದೆ.

ಪಹಣಿಗೆ ಹಲಸಿನ ಮರ ಗೊತ್ತಿಲ್ಲ. ಅಲ್ಲಿ ಪಟ್ಟೆದಾರನ ಹೆಸರು, ಅದರ ಕೆಳಗೆ ಒಂದಷ್ಟು ಹೆಸರು, ಅವರಲ್ಲಿ ಎಷ್ಟೋ ಜನ ತೀರಿಹೋದವರು. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಉಳಿದವರ ಒಪ್ಪಿಗೆ ತನ್ನಿ ಅಂತಾರೆ. ಒಬ್ಬರು ಬೆಂಗಳೂರು, ಒಬ್ಬರು ದುಬೈ, ಇನ್ನೊಬ್ಬರ ಜೊತೆ ಮಾತೇ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತೋಟ, ಗದ್ದೆ ಹೋದಾಗ, ಮಾರನೇ ವರ್ಷದ ಮಳೆಯಲ್ಲೂ, ಪರಿಹಾರದ ಅರ್ಜಿಗೆ ಮೊದಲು ಬೇಕಾದದ್ದು ದಾಖಲೆಯೇ. ನಲವತ್ತು ವರ್ಷ ದುಡಿದ ಜಾಗ ತನ್ನದೇ ಅಂತ ತೋರಿಸುವ ಕಾಗದ ಕೈಯಲ್ಲಿ ಇಲ್ಲದವನ ಸಂಕಟವನ್ನು ‘ಸಂಪ್ರದಾಯದ ಹೆಮ್ಮೆ’ ಅನ್ನೋ ಭಾಷಣ ಮುಚ್ಚಿಹಾಕಲಾರದು.

ಹೆಣ್ಣುಮಕ್ಕಳ ವಿಚಾರ ಇನ್ನೂ ಗೋಜಲು. ಒಕ್ಕದ ಲೆಕ್ಕದಲ್ಲಿ ಮದುವೆಯಾದ ಮಗಳು ಗಂಡನ ಒಕ್ಕದವಳು. ದೇಶದ ಕಾನೂನು ಬೇರೆ ಹೇಳ್ತದೆ: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ವಾರಸುದಾರಳು ಅಂತ ಒಪ್ಪಿತು, 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲೂ ಮಗನಿಗೆ ಸಮನಾದ ಹಕ್ಕು ಕೊಟ್ಟಿತು. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ‘ಮದುವೆಯಾಗಿ ಹೋದಳು’ ಅಂತ ಬಿಟ್ಟುಬಿಡುವ ಅಭ್ಯಾಸ ಈಗಲೂ ಅಲ್ಲಲ್ಲಿ ಇದೆ. ಅದು ತಪ್ಪು. ಹಾಗೆ ಬಿಟ್ಟು ಮಾಡಿದ ಖಾತೆ ನಾಳೆ ನ್ಯಾಯಾಲಯದಲ್ಲಿ ಬೀಳಬಹುದು. ಅಂಥ ಜಾಗ ಕೊಂಡವನೂ ಸಿಕ್ಕಿಬೀಳ್ತಾನೆ. ಸೈಟು, ಅಂಗಡಿ ಮಳಿಗೆ ಕೊಳ್ಳುವ ವ್ಯಾಪಾರಸ್ಥರು ಮಾರುವವರ ಒಕ್ಕದಲ್ಲಿ ಯಾರ್ಯಾರು ಇದ್ದಾರೆ, ಹೆಣ್ಣುಮಕ್ಕಳು ಎಷ್ಟು, ಎಲ್ಲರೂ ಸಹಿ ಹಾಕಿದ್ದಾರಾ ಅಂತ ವಕೀಲರ ಮೂಲಕ ನೋಡಿಕೊಳ್ಳಬೇಕು. ಪಟ್ಟೆದಾರ ಒಬ್ಬ ‘ಆಯ್ತು’ ಅಂದರೆ ಸಾಲದು.

ಮಕ್ಕ ಪರಿಜೆಯ ಮಕ್ಕಳದ್ದು ಮತ್ತೊಂದು ಕಷ್ಟ. ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಒಕ್ಕದ ಹೆಸರು ತಾಯಿ ಕಡೆಯದ್ದು, ತಂದೆಯ ಹೆಸರಿನ ಮುಂದೆ ಬೇರೆ ಒಕ್ಕ. ಕೌಂಟರಿನಲ್ಲಿ ಕೂತ ಹೊರಜಿಲ್ಲೆಯ ಗುಮಾಸ್ತರಿಗೆ ಅದು ಬರವಣಿಗೆಯ ತಪ್ಪಿನ ಹಾಗೆ ಕಾಣ್ತದೆ. ಮದುವೆಯ ದಿನ ಸಮ್ಮಂದ ಕೊಟ್ಟ ಅರುವ ಬದುಕಿದ್ದರೆ ಹೇಳಿಯಾನು. ಅವನೂ ಹೋದ ಮೇಲೆ? ಹಿರಿಯರು ಇರುವಾಗಲೇ ಎರಡೂ ಒಕ್ಕದವರ, ಅರುವರ ಸಹಿ ಹಾಕಿಸಿ ಒಂದು ಬರಹ ಮಾಡಿಸಿ ಇಟ್ಟುಕೊಳ್ಳೋದು, ವಂಶವೃಕ್ಷವನ್ನು ಈಗಲೇ ನಾಡಕಚೇರಿಯಲ್ಲಿ ಸರಿಯಾಗಿ ಮಾಡಿಸೋದು, ತೀರಿಹೋದವರ ಪೌತಿ ಖಾತೆಯನ್ನು ಮುಂದೂಡದೆ ಇರೋದು: ಇಷ್ಟು ಮಾಡಿದರೆ ಮುಂದಿನ ತಲೆಮಾರಿಗೆ ಅರ್ಧ ಅಲೆದಾಟ ಕಡಿಮೆಯಾಗ್ತದೆ.

ಒಕ್ಕದ ನೆರಳಿನಲ್ಲಿ ದುಡಿದವರು

ಐನ್‌ಮನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೆತ್ತನೆಯ ಕಂಬದ ತನಕ ಬಂದು ನಿಲ್ತಾರೆ. ಗದ್ದೆಯಲ್ಲಿ ನಾಟಿ ಮಾಡಿದವರು ಯಾರು? ‘ಜಮ್ಮದಾಳು’ ಎಂಬ ಪದ ಹಳೆಯ ದಾಖಲೆಗಳಲ್ಲಿ ಇದೆ. ಭೂಮಿಗೆ ಅಂಟಿದವರು ಒಂದು ಬಗೆ, ಒಕ್ಕಕ್ಕೆ ಅಂಟಿದವರು ಇನ್ನೊಂದು ಬಗೆ. ಇಬ್ಬರಿಗೂ ಬಿಟ್ಟು ಹೋಗುವ ಸ್ವಾತಂತ್ರ್ಯ ಇರಲಿಲ್ಲ. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಯಿತು, ಜೀತ ಉಳಿಯಿತು. 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆಯ ನಂತರವೂ ಯರವರ ಲೈನ್‌ಮನೆಗಳ ಪಾಡು ಹೋರಾಟದ ವಿಷಯವಾಗಿಯೇ ಇದೆ. ಯರವರಲ್ಲೂ ಕುರುಬರಲ್ಲೂ ಅವರದ್ದೇ ಕುಲಗಳಿವೆ, ಹಿರಿಯರಿದ್ದಾರೆ, ಸತ್ತವರನ್ನು ನೆನೆಯುವ ಕ್ರಮ ಇದೆ. ಒಕ್ಕದವರ ಜಗಳ ಪಹಣಿಯಲ್ಲಿ ಯಾರ ಹೆಸರು ಮೊದಲು ಅನ್ನೋದು. ಇವರಲ್ಲಿ ಎಷ್ಟೋ ಜನರಿಗೆ ಹೆಸರು ಬರೆಸೋದಕ್ಕೆ ಪಹಣಿಯೇ ಇಲ್ಲ. ಸತ್ತವರನ್ನು ಹೂಳುವ ಜಾಗಕ್ಕೂ ಅರ್ಜಿ ಹಾಕಬೇಕಾದ ಸ್ಥಿತಿ. ಒಕ್ಕದ ಇತಿಹಾಸ ಬರೆಸುವ ಸ್ಮರಣ ಸಂಚಿಕೆಗಳು ಈ ಜನರ ಹೆಸರನ್ನೂ ಒಂದೆರಡು ಪುಟಕ್ಕೆ ಸೇರಿಸಿದರೆ ಸಂಚಿಕೆಯ ಬೆಲೆ ಹೆಚ್ಚುತ್ತದೆ.

ಹಾಕಿ ಮೈದಾನದ ವಂಶವೃಕ್ಷ

ಐನ್‌ಮನೆಗೆ ಬೀಗ ಬಿದ್ದ ಕಾಲದಲ್ಲಿ ಒಕ್ಕವನ್ನು ಮತ್ತೆ ಒಟ್ಟು ಸೇರಿಸಿದ್ದು ಯಾವುದು ಅಂತ ಕೇಳಿದರೆ ಎಲ್ಲರೂ ಹೇಳೋದು ಒಂದೇ: ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾಯಿತು. ಆಗ 60 ಒಕ್ಕಗಳ ತಂಡ. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸ್ತದೆ, ಕಪ್ಪಿಗೆ ಅದೇ ಒಕ್ಕದ ಹೆಸರು. ಕೋವಿಡ್ ಕಾಲದಲ್ಲಿ ನಿಂತಿದ್ದದ್ದು ಮತ್ತೆ ಶುರುವಾಗಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದವು, ಗಿನ್ನೆಸ್ ದಾಖಲೆಯಾಯಿತು. ಹೆಂಗಸರೂ ಮಕ್ಕಳೂ ಅಜ್ಜಂದಿರೂ ಒಂದೇ ತಂಡದಲ್ಲಿ ಆಡೋದು ಬೇರೆಲ್ಲೂ ಕಾಣಸಿಗದು. ತಿಂಗಳುಗಟ್ಟಲೆ ನಡೆಯುವ ಈ ಹಬ್ಬದ ಹೊತ್ತಿಗೆ ಆ ಊರಿನ ಹೋಟೆಲು, ಬೇಕರಿ, ಜೀಪು ಬಾಡಿಗೆಯವರಿಗೆ ಉಸಿರಾಡಲು ಪುರಸೊತ್ತಿಲ್ಲ.

ತಂಡ ಕಟ್ಟಬೇಕಾದರೆ ಹನ್ನೊಂದು ಜನ ಬೇಕು, ಎಲ್ಲರೂ ಒಂದೇ ಒಕ್ಕದವರಾಗಿರಬೇಕು. ಸಣ್ಣ ಒಕ್ಕಗಳಿಗೆ ಇದು ಸುಲಭ ಅಲ್ಲ. ಹಾಗಾಗಿ ಪಂದ್ಯಾವಳಿ ಹತ್ತಿರ ಬಂದರೆ ಫೋನ್‌ಗಳು ಓಡಾಡ್ತವೆ. ಮೈಸೂರಿನಲ್ಲಿ ಓದುವ ಹುಡುಗ, ಪುಣೆಯಲ್ಲಿರುವ ಸುಬೇದಾರರ ಮಗಳು, ಅಜ್ಜನ ಕಾಲಕ್ಕೇ ದೂರವಾದ ಕವಲಿನವರು ಎಲ್ಲರನ್ನೂ ಹುಡುಕಿ ಪಟ್ಟಿ ಮಾಡ್ತಾರೆ. ಜಮೀನಿನ ಕೇಸಿನಲ್ಲಿ ಎದುರುಬದುರು ನಿಂತ ಅಣ್ಣತಮ್ಮಂದಿರ ಮಕ್ಕಳು ಒಂದೇ ಜರ್ಸಿ ಹಾಕ್ತಾರೆ. ಪಟ್ಟಿಗೆ ಹೆಸರು ಸೇರಿಸುವ ಮೊದಲು ಮನೆಯ ಹಿರಿಯರ ಹತ್ತಿರ ಒಂದು ಸಲ ಕೇಳಿಕೊಂಡು ಬರ್ತಾರೆ: ಈ ಹುಡುಗ ಯಾವ ಕವಲಿನವನು, ಇವನ ಅಜ್ಜಿಗೆ ಸಮ್ಮಂದ ಕೊಟ್ಟಾಗ ಅರುವ ಯಾರಿದ್ದರು?